ರಕ್ತನಾಳದ ‘ದುರಸ್ತಿ’: ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

ಹೃದಯದ ಕಾಯಿಲೆ ಮತ್ತು ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳಗಳಿಗೆ ಏನಾಗುತ್ತದೆ, ದೇಹ ಅವನ್ನು ಹೇಗೆ ಸರಿಮಾಡಿಕೊಳ್ಳುತ್ತದೆ ಎಂಬ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಓದುವವರು ಡಾಕ್ಟರುಗಳಲ್ಲ. ಶುಗರ್ ಇರುವವರು, ಅವರನ್ನು ನೋಡಿಕೊಳ್ಳುವ ಮನೆಯವರು. ಹಾಗಾಗಿ ಪದಗಳು ಅವರ ಕಿವಿಗೆ ಸರಿಯಾಗಿ ಬೀಳಬೇಕು. ಕೆಲವು ಕಡೆ ಸಿಕ್ಕಿಕೊಂಡಿದ್ದೇನೆ. ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ‘ದುರಸ್ತಿ’.

ಕೆರೆ ದುರಸ್ತಿ, ರಸ್ತೆ ದುರಸ್ತಿ, ಪಂಪ್‌ಸೆಟ್ ದುರಸ್ತಿ. ಈ ಪದ ಕೇಳಿದರೆ ಯಾರೋ ಹೊರಗಿನಿಂದ ಬಂದು ಮಾಡುವ ಕೆಲಸ ಅನ್ನಿಸುತ್ತದೆ, ಅಲ್ವಾ? ‘ರಕ್ತನಾಳದ ದುರಸ್ತಿ’ ಎಂದು ಬರೆದರೆ ಓದುವವರಿಗೆ ಸ್ಟೆಂಟು (ಕಟ್ಟಿದ ನಾಳ ತೆರೆದಿರಲೆಂದು ಒಳಗೆ ಕೂರಿಸುವ ಲೋಹದ ಜಾಲರಿ ಕೊಳವೆ), ಬೈಪಾಸು ನೆನಪಾಗುತ್ತವೆ. ನಾನು ಹೇಳಹೊರಟಿರುವುದು ದೇಹ ತಾನಾಗಿಯೇ, ದಿನವೂ, ಯಾರಿಗೂ ಗೊತ್ತಾಗದಂತೆ ಮಾಡಿಕೊಳ್ಳುವ ಕೆಲಸದ ಬಗ್ಗೆ.

ಎರಡಕ್ಕೂ ಒಂದೇ ಪದ ಇಟ್ಟುಕೊಂಡರೆ ಎಲ್ಲಿ ಕೆಡುತ್ತದೆ ನೋಡಿ. ಔಷಧ ಲೇಪಿಸಿದ ಸ್ಟೆಂಟಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2003ರಲ್ಲಿ. ಮೊದಲು ಬಳಸಿದ ಔಷಧ ಸಿರೋಲಿಮಸ್. ಅದು ಕೋಶಗಳು ಬೆಳೆಯದಂತೆ ತಡೆಯುತ್ತದೆ. ಸ್ಟೆಂಟಿನ ಒಳಗೆ ಮತ್ತೆ ದಪ್ಪ ಗಾಯದ ಕಲೆ ಬೆಳೆದು ನಾಳ ಕಟ್ಟಬಾರದು ಎಂದೇ ಅದನ್ನು ಲೇಪಿಸುವುದು. ಆದರೆ ಅದೇ ಔಷಧ ನಾಳದ ಒಳಗಿನ ತೆಳುಪದರವೂ ಬೇಗ ಬೆಳೆಯದಂತೆ ಮಾಡುತ್ತದೆ. ಆ ಪದರ ಬಂದು ಲೋಹವನ್ನು ಮುಚ್ಚುವವರೆಗೆ ಅಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುಮಾಡುವ ಮಾತ್ರೆಗಳನ್ನು ತಿಂಗಳುಗಟ್ಟಲೆ ಬಿಡಬಾರದು ಎನ್ನುವುದು ಇದಕ್ಕೇ. ಇದನ್ನು ಬರೆಯಹೋದರೆ ‘ದುರಸ್ತಿಗೆಂದು ಹಾಕಿದ ಸ್ಟೆಂಟು ದುರಸ್ತಿಯನ್ನು ತಡೆಯುತ್ತದೆ’ ಎಂದಾಗುತ್ತದೆ. ಯಾರಿಗೆ ಅರ್ಥವಾದೀತು?

ನಮ್ಮಲ್ಲಿ ಒಂದು ಒಳ್ಳೆಯ ಕ್ರಿಯಾಪದ ಇದೆ. ಮಾಯು. ಗಾಯ ಮಾಯಿತು, ಹುಣ್ಣು ಮಾಯಲಿಲ್ಲ. ಇಲ್ಲಿ ಮಾಡುವವರು ಬೇರೆ ಯಾರೂ ಇಲ್ಲ, ಗಾಯವೇ ಮಾಯುತ್ತದೆ. ಸಕ್ಕರೆ ಕಾಯಿಲೆಯವರ ಕಾಲಿನ ‘ಮಾಯದ ಹುಣ್ಣು’ ಎಂದರೆ ಹಳ್ಳಿಯಲ್ಲೂ ತಟ್ಟನೆ ತಿಳಿಯುತ್ತದೆ. ನನಗೆ ಬೇಕಿದ್ದ ಪದ ಇದೇ. ಆದರೆ ನಾಳದ ಜೊತೆ ಇಟ್ಟರೆ ತೊಂದರೆ. ‘ರಕ್ತನಾಳ ಮಾಯುವಿಕೆ’ ಎಂದು ಓದಿದವರು ರಕ್ತನಾಳ ಮಾಯವಾಯಿತು ಎಂದುಕೊಳ್ಳಬಹುದು. ‘ಮಾಗು’ ಕೂಡ ಗಾಯಕ್ಕೆ ಬಳಕೆಯಲ್ಲಿದೆ, ಆದರೆ ಮೊದಲು ನೆನಪಾಗುವುದು ಹಣ್ಣು. ‘ನಾಳದ ಗಾಯ ಮಾಯುವುದು’ ಎಂದು ಬಿಡಿಸಿ ಬರೆದರೆ ಹೇಗೆ? ಉದ್ದವಾಯಿತು, ಆದರೆ ತಪ್ಪು ತಿಳಿಯುವುದಿಲ್ಲ. ನನ್ನ ಒಲವು ಸದ್ಯಕ್ಕೆ ಅದರ ಕಡೆಗೇ.

ಇನ್ನು ಆ ಒಳಗಿನ ತೆಳುಪದರ. ದಪ್ಪ ಒಂದೇ ಒಂದು ಕೋಶದ್ದು. ಅದಕ್ಕೆ ಎಂಡೋಥೀಲಿಯಮ್ ಎಂಬ ಹೆಸರು ಕೊಟ್ಟವರು ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಅಂಗರಚನಾ ವಿಜ್ಞಾನಿ ವಿಲ್‌ಹೆಲ್ಮ್ ಹಿಸ್, 1865ರಲ್ಲಿ. ಅದಕ್ಕೂ ಹಿಂದೆ ಇದ್ದ ಎಪಿಥೀಲಿಯಮ್ (ಚರ್ಮದಂಥ ಮೇಲ್ಮೈಗಳನ್ನು ಮುಚ್ಚುವ ಕೋಶಗಳ ಪದರ) ಎಂಬ ಪದವನ್ನು ಬದಲಿಸಿ ಮಾಡಿಕೊಂಡದ್ದು. ಆ ಹಳೆಯ ಪದದ ಮೂಲದಲ್ಲಿರುವ ಗ್ರೀಕ್ ‘ಥೀಲೆ’ಗೆ ಮೊಲೆತೊಟ್ಟು ಎಂದರ್ಥ! ರಕ್ತನಾಳಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅಂದಮೇಲೆ ನಾವು ಮೂಲಪದವನ್ನು ಅಕ್ಷರ ಅಕ್ಷರ ಅನುವಾದಿಸಬೇಕಾಗಿಲ್ಲ. ಅದು ಮಾಡುವ ಕೆಲಸ ನೋಡಿ ಹೆಸರಿಡಬಹುದು.

ಕೆಲಸ ಏನು ಎಂದು ತೋರಿಸಿಕೊಟ್ಟವರು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಔಷಧ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್. ಮೊಲದ ಮಹಾಪಧಮನಿಯ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ) ತುಂಡಿಗೆ ಅಸಿಟೈಲ್‌ಕೋಲಿನ್ ಎಂಬ, ನರಗಳು ಸಂದೇಶ ಕಳಿಸಲು ಬಳಸುವ ರಾಸಾಯನಿಕ ಹಾಕಿದರೆ ಕೆಲವೊಮ್ಮೆ ಅದು ಸಡಿಲವಾಗುತ್ತಿತ್ತು, ಕೆಲವೊಮ್ಮೆ ಬಿಗಿಯಾಗುತ್ತಿತ್ತು. ತುಂಡು ಮಾಡುವಾಗ ಒಳಪದರ ಉಜ್ಜಿಹೋಗಿದ್ದರೆ ಸಡಿಲವಾಗುವುದೇ ಇಲ್ಲ ಎಂದು ಅವರು 1980ರಲ್ಲಿ ಪ್ರಕಟಿಸಿದರು. ಆ ಪದರ ಏನೋ ಒಂದನ್ನು ಹೊರಬಿಡುತ್ತಿತ್ತು. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಆಮೇಲೆ ತಿಳಿಯಿತು. ಈ ಅನಿಲದ ಮೇಲಿನ ಕೆಲಸಕ್ಕೆ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೂ ನೊಬೆಲ್ ಬಂತು. ಎದೆನೋವು ಬಂದಾಗ ನಾಲಿಗೆಯ ಕೆಳಗೆ ಇಡುವ ಮಾತ್ರೆ ಇದೆಯಲ್ಲ, ಅದು ಕೆಲಸ ಮಾಡುವುದೂ ಇದೇ ಅನಿಲವನ್ನು ಒದಗಿಸಿ. ರಕ್ತದಲ್ಲಿ ಸಕ್ಕರೆ ಸದಾ ಹೆಚ್ಚಿದ್ದರೆ ಈ ಅನಿಲ ಕಡಿಮೆಯಾಗುತ್ತದೆ, ನಾಳ ಬಿಗಿಯಾಗುತ್ತದೆ, ಒಳಗೆ ಕೊಬ್ಬು ಕೂರಲು ದಾರಿಯಾಗುತ್ತದೆ.

ಹೀಗೆ ನಾಳವನ್ನು ಕಾಯುವ ಪದರಕ್ಕೆ ‘ಒಳಪೊರೆ’ ಎಂದರೆ ಚೆನ್ನಾಗಿರುತ್ತದೆ ಎಂಬುದು ನನ್ನ ಆಸೆ. ಪೊರೆ ಎಂದರೆ ಪದರ. ಪೊರೆ ಎಂದರೆ ಸಲಹು, ಕಾಪಾಡು ಎಂದೂ ಆಗುತ್ತದೆ. ಎರಡೂ ಅರ್ಥ ಇಲ್ಲಿ ಸಲ್ಲುತ್ತವೆ. ಒಂದೇ ಅಳುಕು. ಸಕ್ಕರೆ ಕಾಯಿಲೆಯವರಿಗೆ ಪೊರೆ ಎಂದರೆ ಮೊದಲು ಕಣ್ಣಿನ ಪೊರೆ. ‘ನಾಳದ ಒಳಪೊರೆ’ ಎಂದು ಪ್ರತಿ ಸಲವೂ ಪೂರ್ತಿ ಬರೆದರೆ ಸಾಕಾಗಬಹುದೇ?

ಮುಂದಿನದು ಕೋಶಗಳ ಹೆಸರು. 1997ರಲ್ಲಿ ಬಾಸ್ಟನ್‌ನಲ್ಲಿ ಟಕಾಯುಕಿ ಅಸಹಾರ, ಜೆಫ್ರಿ ಇಸ್ನರ್ ಮತ್ತು ಜೊತೆಗಾರರು ದೊಡ್ಡವರ ರಕ್ತದಲ್ಲೇ ಓಡಾಡುವ ಕೆಲವು ಕೋಶಗಳು ಹೊಸ ಒಳಪೊರೆಯಾಗಬಲ್ಲವು ಎಂದು ಬರೆದರು. ಅಲ್ಲಿಯವರೆಗೆ ಇಂಥದ್ದು ಭ್ರೂಣದಲ್ಲಿ ಮಾತ್ರ ಎಂಬ ನಂಬಿಕೆ ಇತ್ತು. ಈ ಕೋಶಗಳು ಮೂಳೆಯ ಮಜ್ಜೆಯಿಂದ ಬರುತ್ತವೆ ಎಂದರು. ಸಕ್ಕರೆ ಕಾಯಿಲೆ ಇರುವವರ ರಕ್ತದಲ್ಲಿ ಇವು ಕಡಿಮೆ, ಇದ್ದವೂ ಸೊರಗಿರುತ್ತವೆ ಎಂದು ಆಮೇಲೆ ಹಲವರು ಕಂಡುಕೊಂಡರು. ಇಟಲಿಯ ಪಡುವಾದಲ್ಲಿ ಜಾನ್ ಪಾವ್ಲೊ ಫಡೀನಿ ಅವರ ತಂಡ ಇದರ ಮೇಲೆ ತುಂಬಾ ಕೆಲಸ ಮಾಡಿದೆ. ತೊಂದರೆ ಇರುವುದು ಮಜ್ಜೆಯಲ್ಲೂ ಹೌದು. ಅಲ್ಲಿಂದ ಹೊರಡಲು ಕೋಶಗಳಿಗೆ ಕಾಲೇ ಏಳುವುದಿಲ್ಲ. ಇದಕ್ಕೆ ‘ಮೊಬಿಲೋಪತಿ’ ಎಂಬ ಹೊಸ ಹೆಸರೂ ಬಂದಿದೆ. ಇದಕ್ಕೆ ಕನ್ನಡದಲ್ಲಿ ಒಂದು ಪದ ಕಟ್ಟುವುದು ಬೇಡ ಎಂದು ನನ್ನ ಅನಿಸಿಕೆ. ‘ಮಜ್ಜೆ ಬಿಟ್ಟು ಹೊರಡದಿರುವುದು’ ಎಂದರೆ ಮುಗಿಯಿತು.

ಆದರೆ ಆ ಕೋಶಗಳಿಗೆ ಒಂದು ಹೆಸರು ಬೇಕೇ ಬೇಕು. ಮೊದಲು ‘ಮೂಲಕೋಶ’ ಎಂದು ಬರೆದುಕೊಂಡಿದ್ದೆ. ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗೂ ಕೆಲವರು ಅದನ್ನೇ ಬಳಸುತ್ತಾರೆ, ಆಕರಕೋಶ, ಕಾಂಡಕೋಶ ಎನ್ನುವವರೂ ಇದ್ದಾರೆ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಅಸಹಾರ ಅವರು ಹೇಳಿದ ಬಗೆಯ ಕೋಶಗಳಲ್ಲಿ ಬಹಳಷ್ಟು ನಿಜಕ್ಕೂ ಬಿಳಿ ರಕ್ತಕಣಗಳ ಬಳಗದವು, ಅವು ತಾವೇ ಒಳಪೊರೆಯಾಗುವುದಿಲ್ಲ, ಬೆಳವಣಿಗೆಯ ಸಂಕೇತ ಕಳಿಸಿ ಅಕ್ಕಪಕ್ಕದವಕ್ಕೆ ನೆರವಾಗುತ್ತವೆ ಎಂದು ಮುಂದಿನ ಸಂಶೋಧನೆಗಳು ತೋರಿಸಿದವು. ಒಳಪೊರೆಯಾಗಿ ಬೆಳೆಯುವ ಬೇರೊಂದು ಬಗೆ ಇದೆ, ಅದು ರಕ್ತದಲ್ಲಿ ತೀರಾ ಅಪರೂಪ. ಹಾಗಾಗಿ ಮೊದಲನೆಯವನ್ನು ‘ನೆರವಿನ ಕೋಶ’, ಎರಡನೆಯವನ್ನು ‘ಒಳಪೊರೆಯ ಬೀಜಕೋಶ’ ಎನ್ನಬಹುದೇ? ‘ಬೀಜಕೋಶ’ಕ್ಕೆ ಬೇರೆ ಅರ್ಥಗಳೂ ಇರುವುದರಿಂದ ಇದರ ಬಗ್ಗೆ ನನಗೆ ಧೈರ್ಯ ಸಾಲದು. ಸುಮ್ನೆ ಒಪ್ಪಬೇಡಿ, ಬೇರೆಯದು ಹೊಳೆದರೆ ಹೇಳಿ.

ಹೊಸ ನಾಳ ಹುಟ್ಟುವುದಕ್ಕೂ ಒಂದು ಪದ ಸಾಲದು. ಇರುವ ನಾಳದಿಂದ ಸಣ್ಣ ಕವಲು ಒಡೆಯುವುದು ಒಂದು. ಮೊದಲೇ ಇದ್ದ ಸಣ್ಣ ಪಕ್ಕದ ನಾಳ ದಪ್ಪವಾಗಿ ಹೆಚ್ಚು ರಕ್ತ ಹೊರುವುದು ಇನ್ನೊಂದು. ಡಾಕ್ಟರು ‘ಕೊಲ್ಯಾಟರಲ್ಸ್ ಚೆನ್ನಾಗಿವೆ’ ಎನ್ನುವುದು ಈ ಎರಡನೆಯದಕ್ಕೆ. ಬರಿಯ ಕೋಶಗಳು ಸೇರಿ ಹೊಸದಾಗಿ ನಾಳ ಕಟ್ಟುವುದು ಮೂರನೆಯದು. ‘ಕವಲೊಡೆಯುವುದು’, ‘ಪಕ್ಕದ ನಾಳ ಬಲಿಯುವುದು’, ‘ನಾಳ ಕಟ್ಟಿಕೊಳ್ಳುವುದು’ ಎಂದು ಬರೆದಿದ್ದೇನೆ. ಕೊನೆಯದು ಸರಿ ಇಲ್ಲ, ನಾಳ ‘ಕಟ್ಟಿಕೊಂಡಿದೆ’ ಎಂದರೆ ಬ್ಲಾಕ್ ಆಗಿದೆ ಎಂದೇ ಜನ ಓದುತ್ತಾರೆ.

ಮೊದಲನೆಯದಕ್ಕೆ ‘ಚಿಗುರುವುದು’ ಎಂದು ಹಲವರು ಸೂಚಿಸಬಹುದು. ದಯವಿಟ್ಟು ಬೇಡ. ಸಕ್ಕರೆ ಕಾಯಿಲೆಯಲ್ಲಿ ಹೃದಯ ಮತ್ತು ಕಾಲಿನಲ್ಲಿ ಬೇಕಾದ ನಾಳ ಬೆಳೆಯುವುದಿಲ್ಲ, ಕಣ್ಣಿನ ಹಿಂಪರದೆಯಲ್ಲಿ (ರೆಟಿನಾದಲ್ಲಿ) ಬೇಡದ ನಾಳ ಬೆಳೆಯುತ್ತದೆ. ಆ ನಾಳ ಒಡೆದು ರಕ್ತ ಸೋರಿ ದೃಷ್ಟಿಯೇ ಹೋಗಬಹುದು. ಅದನ್ನು ತಡೆಯಲು ಕಣ್ಣಿಗೇ ಇಂಜೆಕ್ಷನ್ ಕೊಡುತ್ತಾರೆ. ಚಿಗುರು ನಮಗೆ ಶುಭದ ಮಾತು. ‘ನಿಮ್ಮ ಕಣ್ಣಿನಲ್ಲಿ ನಾಳ ಚಿಗುರಿದೆ’ ಎಂದು ಓದಿದ ಅಜ್ಜಿ ಸಂತೋಷಪಟ್ಟು ಚಿಕಿತ್ಸೆ ಮುಂದಕ್ಕೆ ಹಾಕಿದರೆ? ಕಣ್ಣಿನ ವಿಷಯಕ್ಕೆ ‘ಬೇಡದ ನಾಳ ಹಬ್ಬಿದೆ’ ಎಂದೇ ಇರಲಿ.

ಕೊನೆಗೆ ‘ನರ’. ಇದು ನನಗೆ ನಿಜಕ್ಕೂ ಚಿಂತೆಯ ವಿಷಯ. ಕೈಯ ನರಕ್ಕೆ ಸೂಜಿ ಚುಚ್ಚಿದರು, ಹಾರ್ಟಿನ ನರ ಬ್ಲಾಕ್ ಆಗಿದೆ, ನರದ ವೀಕ್ನೆಸ್ ಇದೆ. ಮಾತಿನಲ್ಲಿ ಮೂರಕ್ಕೂ ಒಂದೇ ಪದ. ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ಸ್ಪರ್ಶದ ನರ, ರಕ್ತನಾಳ ಎರಡೂ ಕೆಡುತ್ತವೆ. ಸ್ಪರ್ಶ ತಿಳಿಸುವ ನರ ಕೆಟ್ಟರೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ರಕ್ತನಾಳ ಕೆಟ್ಟರೆ ಆ ಗಾಯ ಮಾಯುವುದಿಲ್ಲ. ಮೊದಲನೆಯದನ್ನು ನೈಲಾನ್ ಎಳೆ ಮುಟ್ಟಿಸಿ ನೋಡುತ್ತಾರೆ, ಎರಡನೆಯದನ್ನು ಪಾದದ ನಾಡಿ ಹಿಡಿದು, ಕಣಕಾಲಿನ ಬಿಪಿ ಅಳೆದು ನೋಡುತ್ತಾರೆ. ‘ಕಾಲಿನ ನರ ಹೋಗಿದೆ’ ಎಂದು ಕೇಳಿ ಮನೆಗೆ ಬಂದವರಿಗೆ ಯಾವುದು ಹೋಗಿದೆ ಎಂದು ತಿಳಿಯುವುದು ಹೇಗೆ? ಬರಹದಲ್ಲಿ ರಕ್ತದ್ದಕ್ಕೆ ‘ರಕ್ತನಾಳ’ ಎಂದೇ ಹಿಡಿದಿದ್ದೇನೆ. ಅಪಧಮನಿ (ಹೃದಯದಿಂದ ರಕ್ತ ಒಯ್ಯುವುದು), ಅಭಿಧಮನಿ (ಹೃದಯಕ್ಕೆ ರಕ್ತ ತರುವುದು) ಎಂಬ ಜೋಡಿಯನ್ನು ಬಿಟ್ಟಿದ್ದೇನೆ, ಓದುವಾಗ ಒಂದು ಇನ್ನೊಂದರಂತೆ ಕಾಣುತ್ತದೆ.

ಸ್ಪರ್ಶದ ನರಕ್ಕೆ ಏನು ಮಾಡುವುದು? ‘ಅರಿವಿನ ನರ’ ಎಂದು ಬರೆದರೆ ನಿಮ್ಮ ಊರ ಕಡೆ ತಿಳಿಯುತ್ತದೆಯೇ? ಹಾಗೆಯೇ ನಿಮ್ಮ ಮನೆಯ ಹಿರಿಯರು ಈ ಎರಡನ್ನು ಬೇರೆ ಬೇರೆ ಹೆಸರಿನಿಂದ ಕರೆಯುವುದನ್ನು ಕೇಳಿದ್ದರೆ, ಯಾವ ಊರು, ಯಾವ ಮಾತು ಎಂದು ದಯವಿಟ್ಟು ಬರೆಯಿರಿ. ಆಡುಮಾತಿನ ಪದ ಸಿಕ್ಕರೆ ನಾನು ಕಟ್ಟಿದ್ದನ್ನು ಬಿಟ್ಟು ಅದನ್ನೇ ಹಾಕುತ್ತೇನೆ.