ಜಿಂಕೆಗೂ ಹಂದಿಗೂ ರಿವಾಲ್ವರ್‌ನಲ್ಲಿ ಒಂದೇ ಬುಲೆಟ್ ಸಾಕಾ?

ಪ್ರಶ್ನೆ (ಚಕ್ರತೋಟಾ):
.44 ಮ್ಯಾಗ್ನಮ್ ರಿವಾಲ್ವರ್, 7.5 ಇಂಚಿನ ಬ್ಯಾರೆಲ್. ಹೊಡೆಯೋದು 50 ಗಜದೊಳಗೆ. 240 ಗ್ರೇನ್ (ಬುಲೆಟ್ ತೂಕದ ಅಳತೆ) ಹಾಲೋ ಪಾಯಿಂಟ್, ಅಂದ್ರೆ ತಾಗಿದಾಗ ಅರಳೋ ಟೊಳ್ಳು ಮೂತಿಯದು, ತಗೊಳ್ಳಲೋ, 300 ಗ್ರೇನ್ ಹಾರ್ಡ್‌ಕಾಸ್ಟೋ, ಅಂದ್ರೆ ಅರಳದ ಗಟ್ಟಿ ಸೀಸದ್ದೋ? ಅದಕ್ಕಿಂತ ಸಣ್ಣ .357 ಮ್ಯಾಗ್ನಮ್ ಕೂಡ ಇದೆ, ಹಂದಿಗೆ ಸಾಲುತ್ತಾ?

ಒಂಟಿಗುರಿ:
ಜಿಂಕೆ ಮಾತ್ರ ಆಗಿದ್ರೆ 240 ಗ್ರೇನ್ ಎಕ್ಸ್‌ಟಿಪಿ (ಹಾರ್ನಡಿ ಕಂಪನಿಯ ಹಾಲೋ ಪಾಯಿಂಟ್) ಅಂತ ಹೇಳಿ ಮುಗಿಸ್ತಿದ್ದೆ. ಸೆಕೆಂಡಿಗೆ ಸುಮಾರು 1350 ಅಡಿ ವೇಗದಲ್ಲಿ ಅದು ಹದವಾಗಿ ಅರಳುತ್ತೆ, ಹೆಗಲ ಹಿಂದೆ ಪಕ್ಕೆಲುಬಿಗೆ ಬಿದ್ರೆ ಬಹುತೇಕ ಆಚೆ ಬದಿಯಿಂದ ಹೊರಗೂ ಬರುತ್ತೆ. ಹೊರಗೆ ಬರೋದು ಮುಖ್ಯ. ಕೈಬಂದೂಕಿಗೆ ರೈಫಲ್ ವೇಗ ಇಲ್ಲ, ಬುಲೆಟ್ ಕೊರೆದ ತೂತೇ ಕೆಲಸ ಮಾಡಬೇಕು. ಎರಡು ತೂತಿದ್ರೆ ರಕ್ತದ ಜಾಡು ಹಿಡಿಯೋದು ಸುಲಭ.

ಆತ್ಮರಕ್ಷಣೆಗೆ ಅಂತ ಮಾರೋ ಹಾಲೋ ಪಾಯಿಂಟ್ ಮಾತ್ರ ಬೇಡ. ಬೇಗ ಅರಳಿ ಬೇಗ ನಿಲ್ಲೋ ಹಾಗೆ ಮಾಡಿರ್ತಾರೆ. ಹೆಗಲ ಮೂಳೆಗೆ ತಾಗಿದ್ರೆ ಅಲ್ಲೇ ಚಪ್ಪಟೆ.

ಸೀಸದ ಅಚ್ಚು:
ಹಂದಿ ಸೇರಿದ್ರೆ ನನ್ನ ವೋಟು ಹಾರ್ಡ್‌ಕಾಸ್ಟ್‌ಗೆ. ಬಲಿತ ಗಂಡುಹಂದಿಯ ಹೆಗಲ ಮೇಲೆ ಗಟ್ಟಿ ಚರ್ಮದ ಗುರಾಣಿ ಇರುತ್ತೆ. ಮೇಲೆ ಕೆಸರು ಒಣಗಿರುತ್ತೆ. ಅಗಲ ಚಪ್ಪಟೆ ಮೂತಿಯ ಬುಲೆಟ್ ಅರಳದಿದ್ರೂ ನೇರ ಹೋಗುತ್ತೆ. ದುಂಡು ಮೂತಿಯದು ಬೇಡ, ಅಂಗಾಂಶವನ್ನ ಪಕ್ಕಕ್ಕೆ ತಳ್ಳಿ ಜಾರಿಹೋಗುತ್ತೆ. 300 ಬೇಕಾಗಿಲ್ಲ, 240–260 ಸಾಕು. ಒದೆತ ಕಮ್ಮಿ, ಎರಡನೇ ಗುಂಡು ಬೇಗ.

ಸೀಸದ ಬುಲೆಟ್‌ಗೆ ವ್ಯಾಸದ ಅಳತೆ ಮುಖ್ಯ. .44ಕ್ಕೆ ಸಾಮಾನ್ಯವಾಗಿ .430 ಇಂಚು, ಸಿಲಿಂಡರ್‌ನ ಗಂಟಲಿಗೆ (ಬುಲೆಟ್ ಹೊರಬೀಳೋ ಮುಂದಿನ ತೂತಿಗೆ) ಸರಿಯಾಗಿ ಕೂರಬೇಕು. ಸಣ್ಣದಾದ್ರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸ ಕರಗಿಸಿ ಬ್ಯಾರೆಲ್‌ಗೆ ಮೆತ್ತುತ್ತೆ, ಗುರಿ ಚದುರುತ್ತೆ. ಎಷ್ಟೋ ಜನ ಇದಕ್ಕೆ ‘ಸೀಸ ಮೆದು’ ಅಂತ ದೂರ್ತಾರೆ, ತಪ್ಪು ಅಳತೆಯದ್ದು.

ಇನ್ನೊಂದು, ಹಂದಿಯ ಗುಂಡಿಗೆ-ಶ್ವಾಸಕೋಶ ಜಿಂಕೆಗಿಂತ ಮುಂದಕ್ಕೆ, ಕೆಳಕ್ಕೆ. ಜಿಂಕೆಗೆ ಹೊಡೆದ ಹಾಗೆ ಹೆಗಲ ಹಿಂದೆ ಇಟ್ರೆ ಹೊಟ್ಟೆಗೆ ಬೀಳೋ ಅಪಾಯ. ಪಕ್ಕ ತಿರುಗಿ ನಿಂತಾಗ ಮುಂಗಾಲಿನ ಗೆರೆಯಲ್ಲೇ, ಎದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಇಡಿ.

ಚಕ್ರತೋಟಾ:
ಸರಿ, .357?

ಒಂಟಿಗುರಿ:
ಜಿಂಕೆಗೆ 158 ಗ್ರೇನ್ ಸಾಕು, ಹತ್ತಿರದಿಂದ ಮಾತ್ರ. 158 ಗ್ರೇನ್ 1250 ಅಡಿಯಲ್ಲಿ ಸುಮಾರು 550 ಅಡಿ-ಪೌಂಡ್; ನಿಮ್ಮ .44 ಸುಮಾರು 970. ಹಂದಿಗಾದ್ರೆ 180 ಗ್ರೇನ್ ಹಾರ್ಡ್‌ಕಾಸ್ಟ್, ದೊಡ್ಡ ಗಂಡಿಗೆ .44ನ್ನೇ ಒಯ್ಯಿರಿ.

ತಾಮ್ರದ ಮೂತಿ:
ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸ ಇಲ್ಲ. ಅಲ್ಲಿ ಪೂರ್ತಿ ತಾಮ್ರದ್ದೇ ಗತಿ. ತಾಮ್ರ ಹಗುರ, ಅದೇ ತೂಕಕ್ಕೆ ಬುಲೆಟ್ ಉದ್ದ ಆಗಿ ಕೇಸಿನೊಳಗಿನ (ಮದ್ದು ತುಂಬಿರೋ ಲೋಹದ ಕೊಳವೆಯೊಳಗಿನ) ಜಾಗ ತಿನ್ನುತ್ತೆ. ಸೀಸದ ಲೋಡ್ ಡೇಟಾ (ಎಷ್ಟು ಮದ್ದು ತುಂಬಬೇಕು ಅನ್ನೋ ಲೆಕ್ಕ) ಹಾಕಿದ್ರೆ ಒತ್ತಡ ಏರುತ್ತೆ.

ಯಾವುದೇ ಬುಲೆಟ್ ಆದ್ರೂ ಕ್ರಿಂಪ್ (ಕೇಸಿನ ಬಾಯನ್ನ ಬುಲೆಟ್ ಸುತ್ತ ಒತ್ತಿ ಬಿಗಿಯೋದು) ಗಟ್ಟಿ ಇರಲಿ. ಭಾರದ ಬುಲೆಟ್ ಒದೆತಕ್ಕೆ ಕೇಸಿನಿಂದ ಮುಂದಕ್ಕೆ ಜರುಗಿ ಸಿಲಿಂಡರ್ ತಿರುಗದಂತೆ ಸಿಕ್ಕಿಕೊಳ್ಳುತ್ತೆ. ಪರೀಕ್ಷೆ ಹೀಗೆ: ಆರು ತುಂಬಿ, ಐದು ಹೊಡೆದು, ಆರನೆಯದರ ಉದ್ದ ಮೊದಲೂ ಆಮೇಲೂ ಕ್ಯಾಲಿಪರ್‌ನಲ್ಲಿ ಅಳೆಯಿರಿ. ತೂಕ ಬದಲಿಸಿದ್ರೆ ಸೈಟ್ ಮತ್ತೆ ಹೊಂದಿಸಿ, ಭಾರದ್ದು ಸಾಮಾನ್ಯವಾಗಿ ಮೇಲಕ್ಕೆ ಬೀಳುತ್ತೆ.