ನಿದ್ದೆಯಲ್ಲಿ ಬೆಚ್ಚಿಬೀಳುವ ಕೂಸನ್ನು ಎತ್ತಿಕೊಳ್ಳಬೇಕೇ?

ಶಿರಸಿಯ ಬಾಣಂತಿಯೊಬ್ಬರ ಪ್ರಶ್ನೆ:
ನಮ್ಮ ಮೂರು ವಾರದ ಕೂಸು ನಿದ್ದೆಯಲ್ಲಿ ಮುಖ ಕಿವಿಚುತ್ತದೆ, ನಗುತ್ತದೆ, ಕೈಕಾಲು ಅದುರಿಸುತ್ತದೆ. ಎತ್ತಿಕೊಳ್ಳಬೇಕೇ, ಹಾಗೆಯೇ ಬಿಡಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಕಾರವಾರದಿಂದ, ಇಬ್ಬರು ಮಕ್ಕಳ ತಾಯಿ:
ಕೂಡಲೇ ಎತ್ತಬೇಡಿ. ಬಾಣಂತನ ಮಾಡಿದ ನನ್ನ ಅತ್ತೆಯವರು, ಕೂಸು ಮುಲುಗಿದರೆ ಮೊದಲು ತೊಟ್ಟಿಲ ಬಳಿ ನಿಂತು ನೋಡುತ್ತಿದ್ದರು. ಎಷ್ಟೋ ಸಲ ಅದು ಕಣ್ಣು ತೆರೆಯದೆಯೇ ಮತ್ತೆ ನಿದ್ದೆಗೆ ಜಾರುತ್ತಿತ್ತು.

ಶಿರಸಿಯಿಂದ, ಜೀವಶಾಸ್ತ್ರದ ನಿವೃತ್ತ ಉಪನ್ಯಾಸಕ:
ಅಕ್ಕನವರ ಮಾತಿಗೆ ಕಾರಣವನ್ನು ಸೇರಿಸುತ್ತೇನೆ. ಹಸುಗೂಸಿನ ನಿದ್ದೆಯಲ್ಲಿ ಎರಡು ಸ್ಥಿತಿಗಳಿವೆ: ಉಸಿರು ಏರುಪೇರಾಗಿ, ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಹೊರಳಿ, ಬೆರಳುಗಳು ಅದುರುವ ಸಕ್ರಿಯ ನಿದ್ರೆ ಒಂದು, ಉಸಿರು ಸಮನಾಗಿ, ಮೈ ಅಲುಗದಿರುವ ಶಾಂತ ನಿದ್ರೆ ಇನ್ನೊಂದು. ದಿನ ತುಂಬಿ ಹುಟ್ಟಿದ ಮಗುವಿನ ನಿದ್ದೆಯಲ್ಲಿ ಸುಮಾರು ಅರ್ಧ ಪಾಲು ಸಕ್ರಿಯ ನಿದ್ರೆಯೇ ಆಗಿರುತ್ತದೆ. ದಿನ ತುಂಬದೆ ಹುಟ್ಟಿದವರಲ್ಲಿ ಇನ್ನೂ ಹೆಚ್ಚು. ದೊಡ್ಡವರ ನಿದ್ದೆ ಶಾಂತ ಸ್ಥಿತಿಯಿಂದ ಆರಂಭವಾದರೆ ಕೂಸಿನದು ಸಾಮಾನ್ಯವಾಗಿ ಸಕ್ರಿಯ ಸ್ಥಿತಿಯಿಂದ ಆರಂಭವಾಗುತ್ತದೆ. ಮೂರು ತಿಂಗಳ ಹೊತ್ತಿಗೆ ಈ ಕ್ರಮ ಬದಲಾಗತೊಡಗುತ್ತದೆ.

ಮನೆಯ ಅಟ್ಟದಲ್ಲಿ ಬೆಕ್ಕು ಮರಿ ಹಾಕಿದ್ದರೆ ಒಮ್ಮೆ ಗಮನಿಸಿ. ಕಣ್ಣು ಬಿಡದ ಮರಿಗಳ ಮೀಸೆ, ಪಂಜ, ಬಾಲದ ತುದಿ ನಿದ್ದೆಯಲ್ಲಿ ಒಂದಾದ ಮೇಲೊಂದು ಅದುರುತ್ತವೆ. ಬೆಕ್ಕು, ಇಲಿಗಳಂತೆ ಎಳಸಾಗಿ ಹುಟ್ಟುವ ಪ್ರಾಣಿಗಳಲ್ಲಿ ಸಕ್ರಿಯ ನಿದ್ರೆಯದೇ ಸಿಂಹಪಾಲು. ಇಲಿಮರಿಯ ಮಿದುಳಿನಲ್ಲಿ ಗಾಢ ನಿದ್ದೆಯ ನಿಧಾನ ಅಲೆಗಳು ಮೂಡುವುದು ಸುಮಾರು 11–12ನೆಯ ದಿನಕ್ಕೆ. ಕಣ್ಣು ತೆರೆದು, ಮೈತುಂಬ ಕೂದಲಿನೊಂದಿಗೆ ಹುಟ್ಟುವ ಗಿನಿಪಿಗ್ ಮಾತ್ರ ಮೊದಲಿನಿಂದಲೇ ಹೆಚ್ಚುಕಡಿಮೆ ದೊಡ್ಡವುಗಳಂತೆ ನಿದ್ರಿಸುತ್ತದೆ. ಬೆಳೆಯುವ ಮಿದುಳಿಗೆ ಬೇಕಾದ ಪ್ರಚೋದನೆಯನ್ನು ಸಕ್ರಿಯ ನಿದ್ರೆ ಒಳಗಿನಿಂದಲೇ ಒದಗಿಸುತ್ತದೆ ಎಂಬ ಊಹೆಯನ್ನು 1966ರಲ್ಲಿ ನಿದ್ರಾ ಸಂಶೋಧಕರಾದ ರೋಫ್‌ವಾರ್ಗ್, ಮುಜಿಯೊ ಮತ್ತು ಡಿಮೆಂಟ್ ಮುಂದಿಟ್ಟರು. ಅದುರಿದ ಅಂಗದಿಂದ ಹೊರಟ ಸಂವೇದನೆ ಮಿದುಳನ್ನು ತಲುಪಿ ಅಲ್ಲಿ ಚಟುವಟಿಕೆ ಹುಟ್ಟಿಸುವುದನ್ನು ಸಂಶೋಧಕ ಮಾರ್ಕ್ ಬ್ಲಂಬರ್ಗ್ ಅವರ ತಂಡ ಇಲಿಮರಿಗಳಲ್ಲಿ ತೋರಿಸಿದೆ. ಕೂಸು ಕನಸು ಕಂಡು ಬೆಚ್ಚುತ್ತದೆ ಎನ್ನುವುದಕ್ಕಿಂತ ಈ ವಿವರಣೆಯೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಕುಮಟಾದಿಂದ, ನಿವೃತ್ತ ದಾದಿ:
ಎಚ್ಚರವಾದೊಡನೆ ನಿಲ್ಲುವ ಅದುರು ಸಾಮಾನ್ಯವಾಗಿ ನಿರಪಾಯಕಾರಿ. ಎಚ್ಚರವಿರುವಾಗಲೂ ಕೈಕಾಲು ಒಂದೇ ಸಮನೆ ಅದುರಿದರೆ, ತುಟಿ ನೀಲಿಗಟ್ಟಿದರೆ ಅಥವಾ ಕೂಸು ಹಾಲು ಕುಡಿಯದಿದ್ದರೆ ತಡಮಾಡದೆ ಮಕ್ಕಳ ವೈದ್ಯರಲ್ಲಿಗೆ ಹೋಗಿ. ಅದುರುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಂಡರೆ ಅವರಿಗೆ ತೋರಿಸಲು ಅನುಕೂಲ. ಕೂಸನ್ನು ಯಾವಾಗಲೂ ಅಂಗಾತವಾಗಿಯೇ ಮಲಗಿಸಿ.