ಸಹಾಯ ಬೇಕು: ಹಳೆಯ ಎಸ್‌ಯುವಿಯ ಎಬಿಎಸ್ ದೋಷ

ಎಲ್ಲರಿಗೂ ನಮಸ್ಕಾರ. ನಮ್ಮ 2012ರ ಡೀಸೆಲ್ ಎಸ್‌ಯುವಿ ಉಡುಪಿಯ ಉಪ್ಪುಗಾಳಿಯಲ್ಲೇ ಹೆಚ್ಚು ಕಾಲ ನಿಂತ ಗಾಡಿ. ಒಂದು ತಿಂಗಳಿನಿಂದ, ಒಣ ರಸ್ತೆಯಲ್ಲಿ ಮೆಲ್ಲಗೆ ಬ್ರೇಕ್ ಒತ್ತಿ ಇನ್ನೇನು ನಿಲ್ಲಬೇಕು ಎನ್ನುವಾಗ, ಪೆಡಲ್ ಕಾಲಡಿಯಲ್ಲಿ ಗರಗರನೆ ನಡುಗಿ ಗಾಡಿ ಮೂರ್ನಾಲ್ಕು ಅಡಿ ಮುಂದಕ್ಕೆ ಜಾರುತ್ತದೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೋಷ ತೋರಿಸುವ ದೀಪ ಮಾತ್ರ ಹೊತ್ತುವುದಿಲ್ಲ. ಮೊನ್ನೆ ಶಾಲೆಯ ಮುಂದೆ ಹೀಗಾದಾಗ, ರಸ್ತೆ ದಾಟುತ್ತಿದ್ದ ಮಗುವಿಗೂ ಬಂಪರಿಗೂ ನಡುವೆ ಉಳಿದದ್ದು ಒಂದೇ ಗೇಣು. ಅಂದಿನಿಂದ ಗಾಡಿ ಹೊರಗೆ ತೆಗೆದಿಲ್ಲ.

ಗ್ಯಾರೇಜಿನವರು ಸ್ಕ್ಯಾನರಿನಲ್ಲಿ ಯಾವ ದೋಷದ ಕೋಡೂ ಇಲ್ಲವೆಂದು ಹೇಳಿ, ಎಬಿಎಸ್ ನಿಯಂತ್ರಿಸುವ ಮಾಡ್ಯೂಲನ್ನೇ ಬದಲಿಸಿ, ಇಲ್ಲವೇ ಎಬಿಎಸ್ ಫ್ಯೂಸ್ ತೆಗೆದು ಓಡಿಸಿ ಎಂದಿದ್ದಾರೆ. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವ ನಮಗೆ ಫ್ಯೂಸ್ ತೆಗೆಯುವ ಮಾತು ಖಂಡಿತ ಒಪ್ಪಿಗೆಯಿಲ್ಲ. ಚಕ್ರದ ವೇಗ ಅಳೆಯುವ ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಉಬ್ಬಿ, ಸೆನ್ಸರಿಗೂ ಚಕ್ರದ ಜೊತೆ ತಿರುಗುವ ಹಲ್ಲಿನ ಉಂಗುರಕ್ಕೂ ನಡುವಿನ ಅಂತರ ಹೆಚ್ಚಿದರೆ, ಕಡಿಮೆ ವೇಗದಲ್ಲಿ ಸಂಕೇತ ಕ್ಷೀಣಿಸಿ, ಚಕ್ರ ಲಾಕ್ ಆಯಿತೆಂದು ಮಾಡ್ಯೂಲ್ ತಪ್ಪಾಗಿ ತಿಳಿದು ಬ್ರೇಕಿನ ಒತ್ತಡವನ್ನು ಸಡಿಲಿಸುತ್ತದೆ. ನಮ್ಮ ಗಾಡಿಯ ಬಲ ಮುಂಚಕ್ರದ ಸೆನ್ಸರ್ ಬುಡದಲ್ಲಿ ಕೆಂಪು ತುಕ್ಕಿನ ಪದರ ಕಣ್ಣಿಗೇ ಕಾಣುತ್ತಿದೆ.

ತುಕ್ಕು ಉಜ್ಜಿ ತೆಗೆದರೆ ಸಾಕೇ, ವೀಲ್ ಬೇರಿಂಗನ್ನೂ ನೋಡಿಸಬೇಕೇ? ಗಾಡಿ ಓಡುತ್ತಿರುವಾಗಲೇ ನಾಲ್ಕೂ ಚಕ್ರಗಳ ವೇಗವನ್ನು ಸ್ಕ್ಯಾನರಿನಲ್ಲಿ ಹೋಲಿಸಿ ನೋಡುವ ಮೆಕ್ಯಾನಿಕ್ ಉಡುಪಿ, ಮಂಗಳೂರು ಕಡೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.